ಶಾಲೆಯಿಂದ ಮನೆಗೆ ಹೋಗುವ ಪತ್ರದಲ್ಲಿ ಏನಿರಬೇಕು?

ಹುಡುಗನೊಬ್ಬನ ನಡಿಗೆಯನ್ನೋ ದನಿಯನ್ನೋ ಆಡಿಕೊಂಡು ಇಡೀ ತರಗತಿ 'ಹೆಣ್ಣಿಗ' ಎಂದು ಕರೆಯತೊಡಗಿದಾಗ, 'ಯಾವುದೇ ಬಗೆಯ ಕಿರುಕುಳ ಸಹಿಸುವುದಿಲ್ಲ' ಎಂಬ ಸರ್ಕಾರಿ ಸುತ್ತೋಲೆ ಅವನ ನೆರವಿಗೆ ಬರುವುದಿಲ್ಲ. ಮೈಬಣ್ಣದ ಬಗ್ಗೆ ಗೇಲಿ ಮಾಡಿಸಿಕೊಂಡ ಮಗು ಮನೆಗೆ ಹೋಗಿ ಅಮ್ಮನ ಹತ್ತಿರ ಅತ್ತು ಹೇಳಿಕೊಳ್ಳಬಹುದು. ಇವನಿಗೆ ಎಷ್ಟೋ ಸಲ ಆ ದಾರಿಯೂ ಇಲ್ಲ. 'ನಿನಗೇ ಯಾಕೆ ಹಾಗನ್ನುತ್ತಾರೆ?' ಎಂಬ ಪ್ರಶ್ನೆಗೆ ಅವನು ಹೆದರುವುದು ಮನೆಯಲ್ಲೇ. ಆದ್ದರಿಂದ ಶಾಲೆಯ ಕಿರುಕುಳ ತಡೆ ನೀತಿಯ ಕರಡು ಕೈಗೆ ಸಿಕ್ಕರೆ ಪೀಠಿಕೆ ಬಿಟ್ಟು ಎರಡು ಕಡೆ ನೋಡಿ: ಕಿರುಕುಳದ ವ್ಯಾಖ್ಯೆ, ಪೋಷಕರಿಗೆ ತಿಳಿಸುವ ರೀತಿ.

ವ್ಯಾಖ್ಯೆಯಲ್ಲಿ ಲೈಂಗಿಕ ಒಲವು (ಯಾರತ್ತ ಆಕರ್ಷಣೆ ಎಂಬುದು), ಲಿಂಗ ಗುರುತು (ತಾನು ಗಂಡೋ ಹೆಣ್ಣೋ ಬೇರೆಯೋ ಎಂಬ ಸ್ವಂತ ಅರಿವು) ಎರಡನ್ನೂ ಹೆಸರಿಸಿಯೇ ಬರೆಯಬೇಕು. ಇಲ್ಲದಿದ್ದರೆ ದೂರು 'ಹುಡುಗಾಟ' ಎಂಬ ಲೆಕ್ಕಕ್ಕೆ ಹೋಗುತ್ತದೆ. ಭಾರತದಲ್ಲಿ ಕಾಲೇಜುಗಳ ಮಟ್ಟಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಇದನ್ನು ಮಾಡಿದೆ. 2016ರ ತಿದ್ದುಪಡಿಯಿಂದ ಲೈಂಗಿಕ ಒಲವಿನ ಕಾರಣಕ್ಕೆ ಕೊಡುವ ಕಿರುಕುಳವೂ ರ‍್ಯಾಗಿಂಗ್ ಆಯಿತು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕಾನೂನು ಇನ್ನೂ ಚುರುಕು. ಮಗುವಿಗೆ ನಿಜವಾಗಿ ಇರುವ ಗುಣವಷ್ಟೇ ಅಲ್ಲ, ಇದೆಯೆಂದು ಬೇರೆಯವರು ಭಾವಿಸಿದ ಗುಣವೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಅಂದರೆ ಹುಡುಗ ಸಲಿಂಗಿ ಹೌದೋ ಅಲ್ಲವೋ ಎಂದು ಯಾರೂ ವಿಚಾರಿಸಬೇಕಿಲ್ಲ. ದೂರಿನ ಫಾರಂನಲ್ಲಿ ಅಂಥ ಕಾಲಂ ಇದ್ದರೆ ಮೊದಲು ಅದನ್ನು ತೆಗೆಸಿ.

ಇನ್ನು ಮನೆಗೆ ಹೋಗುವ ಪತ್ರ. ಒಳ್ಳೆಯ ಉದ್ದೇಶದ ನೀತಿಗಳೂ ಮುಗ್ಗರಿಸುವ ಜಾಗ ಇದು. 'ನಿಮ್ಮ ಮಗನನ್ನು ಸಲಿಂಗಿ ಎಂದು ಕರೆದು ಹಿಂಸಿಸಲಾಗಿದೆ' ಎಂದು ಬರೆದು ಕಳಿಸಿದರೆ, ಮನೆಯವರ ಮನಸ್ಥಿತಿ ನೋಡಿಕೊಂಡು ಅದರ ಫಲ ಹೊಡೆತವೂ ಆಗಬಹುದು, ಶಾಲೆ ಬಿಡಿಸುವುದೂ ಆಗಬಹುದು. ನ್ಯೂಜೆರ್ಸಿಯ ನಿಯಮಾವಳಿ ಇದನ್ನು ಮುಂಚೆಯೇ ಯೋಚಿಸಿದೆ: ಪೋಷಕರಿಗೆ ತಿಳಿಸುವುದು ಕಡ್ಡಾಯ, ಆದರೆ ಕಿರುಕುಳದ ಹಿಂದಿನ ಕಾರಣವನ್ನು ಹೇಗೆ ತಿಳಿಸಬೇಕು ಎಂಬಲ್ಲಿ ಸಂದರ್ಭ ನೋಡಿ ನಡೆಯಬೇಕು. ಪತ್ರದಲ್ಲಿ ದಿನಾಂಕ, ಜಾಗ, ಆದದ್ದೇನು (ತಳ್ಳಿದರು, ಪುಸ್ತಕ ಹರಿದರು), ಪೆಟ್ಟಾಗಿದೆಯೇ, ಶಾಲೆ ಏನು ಮಾಡುತ್ತಿದೆ, ಇಷ್ಟಿದ್ದರೆ ಸಾಕು. ಕಳಿಸುವ ಮೊದಲು ಕರಡನ್ನು ಮಗುವಿಗೆ ಓದಿ ಹೇಳಿ, 'ಇದರಲ್ಲಿ ಯಾವ ಮಾತು ಮನೆಯಲ್ಲಿ ತೊಂದರೆ ತರುತ್ತದೆ?' ಎಂದು ಕೇಳಬೇಕು. ಜೀವಕ್ಕೆ ಅಪಾಯವಿದೆ ಅನ್ನಿಸಿದರೆ ಆ ವಿಷಯ ಮುಚ್ಚಿಡುವಂತಿಲ್ಲ. ಆಗಲೂ ಕಾರಣವನ್ನು ಬಿಡಿಸಿ ಹೇಳಲೇಬೇಕೆಂದಿಲ್ಲ. ಎಲ್ಲರೂ ಮರೆಯುವ ಇನ್ನೊಂದು ಪತ್ರವಿದೆ: ಕಿರುಕುಳ ಕೊಟ್ಟವನ ಮನೆಗೆ ಹೋಗುವುದು. ಅದರಲ್ಲಿ ಇವನ ಹೆಸರೂ ಕಾರಣವೂ ಇದ್ದರೆ ಸುದ್ದಿ ಸಂಜೆಯೊಳಗೆ ಪೋಷಕರ ವಾಟ್ಸ್ಆ್ಯಪ್ ಗುಂಪು ಸೇರುತ್ತದೆ.

ಶಾಲೆಯೊಳಗಿನ ದಾಖಲೆಗೆ ಇದರ ತದ್ವಿರುದ್ಧ ಪದ್ಧತಿ ಬೇಕು. ಅಲ್ಲಿ 'ಅಸಭ್ಯ ಪದ ಬಳಸಿದ' ಎಂದು ಮರೆಮಾಚಿ ಬರೆದರೆ, ಮೂರು ತಿಂಗಳ ನಂತರ ತಿರುವಿ ನೋಡಿದವರಿಗೆ ಏನೂ ತಿಳಿಯದು. ಆಡಿದ ಪದವನ್ನು ಇದ್ದಂತೆಯೇ ಬರೆಯಬೇಕು, ಪುಸ್ತಕವನ್ನು ಬೀಗದೊಳಗಿಡಬೇಕು.

ಗಡುವಿಲ್ಲದ ವಿಚಾರಣೆ ಪರೀಕ್ಷೆ, ವಾರ್ಷಿಕೋತ್ಸವ, ರಜೆಯ ನಡುವೆ ಸತ್ತೇಹೋಗುತ್ತದೆ. 2011ರ ನ್ಯೂಜೆರ್ಸಿ ಕಾನೂನಿನ ಪ್ರಕಾರ ಸಿಬ್ಬಂದಿ ಮುಖ್ಯೋಪಾಧ್ಯಾಯರಿಗೆ ಅದೇ ದಿನ ಬಾಯಿಮಾತಿನಲ್ಲಿ ತಿಳಿಸಬೇಕು, 2 ಶಾಲಾದಿನಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ವಿಚಾರಣೆ 10 ಶಾಲಾದಿನಗಳೊಳಗೆ ಮುಗಿಯಬೇಕು. ಇಬ್ಬರನ್ನೂ ಬೇರೆಬೇರೆಯಾಗಿ ಮಾತಾಡಿಸಬೇಕು. ಎದುರುಬದುರು ಕೂರಿಸಿ ಕೈಕುಲುಕಿಸಿ ರಾಜಿ ಮಾಡಿಸುವ ಚಾಳಿ ಇದೆಯಲ್ಲ, ಅದಕ್ಕಿಂತ ಕೆಟ್ಟದ್ದಿಲ್ಲ: ಜಗಳ ಸಮಬಲರದ್ದು ಎಂಬ ಸುಳ್ಳು ಅಲ್ಲೇ ದಾಖಲಾಗುತ್ತದೆ, ಹೊರಗೆ ಬಂದ ಮೇಲೆ ಸೇಡು ಬೇರೆ. ಸೆಕ್ಷನ್ ಬದಲಿಸುವುದಿದ್ದರೆ ಕಿರುಕುಳ ಕೊಟ್ಟವನದ್ದು ಬದಲಾಗಲಿ.

ಹಾಗೆಂದು ಮೊದಲ ತಪ್ಪಿಗೇ ಅಮಾನತು ಎಂಬ ನಿಯಮವೂ ಕೈಕೊಡುತ್ತದೆ. ಶಿಕ್ಷೆ ಅತಿಯಾದಷ್ಟೂ ಶಿಕ್ಷಕರು ವರದಿ ಮಾಡಲು ಹಿಂಜರಿಯುತ್ತಾರೆ, ತಿರುಗಿ ಹೊಡೆದ ಮಗುವೇ ಮೊದಲು ಹೊರಬೀಳುತ್ತದೆ.

ಅಂಕಿ ಅಂಶ ನೋಡುವ ಅಧಿಕಾರಿಗಳಿಗೆ ಒಂದು ಮಾತು. ನೀತಿ ಬಂದ ಮೊದಲ ವರ್ಷ ದೂರು ಹೆಚ್ಚಾದರೆ ಅದು ನೀತಿ ಕೆಲಸ ಮಾಡುತ್ತಿರುವ ಗುರುತು. ಸೊನ್ನೆ ದೂರಿನ ಶಾಲೆಗೆ ಪ್ರಶಸ್ತಿ ಕೊಟ್ಟರೆ ಮರುವರ್ಷ ಎಲ್ಲ ಶಾಲೆಗಳೂ ಸೊನ್ನೆ ತೋರಿಸುತ್ತವೆ!

ಕಾನೂನೇ ಬಾಯಿ ಕಟ್ಟಿದ್ದಕ್ಕೂ ಉದಾಹರಣೆ ಇದೆ. ಬ್ರಿಟನ್ನಿನಲ್ಲಿ 1988ರಲ್ಲಿ ಬಂದ ಸೆಕ್ಷನ್ 28, ಸ್ಥಳೀಯ ಆಡಳಿತಗಳು ಸಲಿಂಗಕಾಮವನ್ನು 'ಉತ್ತೇಜಿಸಬಾರದು' ಎಂದಿತು. ಕಿರುಕುಳ ತಡೆಯಬೇಡಿ ಎಂದು ಅದರಲ್ಲೆಲ್ಲೂ ಇರಲಿಲ್ಲ. ಆದರೂ ಎಲ್ಲಿ ಸಿಕ್ಕಿಬೀಳುತ್ತೇವೋ ಎಂದು ಶಿಕ್ಷಕರು ಮಾತಾಡುವುದನ್ನೇ ಬಿಟ್ಟರು. ಸ್ಕಾಟ್ಲೆಂಡಿನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ ಅದು ರದ್ದಾಯಿತು.

ತೈವಾನಿನಲ್ಲಿ ಕಾನೂನಿಗೆ ದಾರಿ ಮಾಡಿದ್ದು ಒಂದು ಸಾವು. ಹೆಣ್ಣಿನಂತೆ ಇದ್ದಾನೆಂದು ಸಹಪಾಠಿಗಳ ಕಾಟಕ್ಕೆ ಸಿಕ್ಕಿದ್ದ ಹುಡುಗ ವಿರಾಮದಲ್ಲಿ ಶೌಚಾಲಯಕ್ಕೆ ಹೋಗಲು ಹೆದರಿ ಪಾಠದ ನಡುವೆಯೇ ಹೋಗುತ್ತಿದ್ದ. 2000ದ ಏಪ್ರಿಲ್‌ನಲ್ಲಿ ಅಲ್ಲೇ ಗಾಯಗೊಂಡು ಬಿದ್ದಿದ್ದು ಸಿಕ್ಕಿ, ಆಮೇಲೆ ತೀರಿಕೊಂಡ. 2004ರಲ್ಲಿ ಲಿಂಗ ಸಮಾನತೆ ಶಿಕ್ಷಣ ಕಾಯ್ದೆ ಬಂತು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಶಾಲಾ ಬಸ್ಸಿನ ಹಿಂದಿನ ಸೀಟು: ಶಿಕ್ಷಕರ ಕಣ್ಣು ತಪ್ಪುವುದು ಇಲ್ಲೆಲ್ಲ. ಹಾಗಾಗಿ ತರಬೇತಿಯ ಪಟ್ಟಿಯಲ್ಲಿ ಆಯಾ, ಬಸ್ ಚಾಲಕ, ಕಾವಲುಗಾರರ ಹೆಸರೂ ಇರಬೇಕು. ಸಿಬ್ಬಂದಿ ಬದಲಾಗುತ್ತಲೇ ಇರುವುದರಿಂದ ತರಬೇತಿಗೆ ಪ್ರತಿ ವರ್ಷದ ಬಜೆಟ್ಟಿನಲ್ಲಿ ಹಣ ಬೇಕು, ಒಮ್ಮೆ ನಡೆಸಿದ ಕಾರ್ಯಾಗಾರ ಸಾಲದು.