ಒಂದು ತಿಂಗಳು ಅಳಿಸಿದ ಚಿತ್ರ

ಹದಿನಾಲ್ಕು ವರ್ಷಗಳ ಹಿಂದೆ, ಕಲಾಶಾಲೆಯ ಕೊನೆಯ ವರ್ಷದಲ್ಲಿದ್ದಾಗ, ನನ್ನ ಸುಮಾರು ಅರವತ್ತು ಇದ್ದಿಲು ಚಿತ್ರಗಳನ್ನು ಬಚ್ಚಲೊಲೆಗೆ ಹಾಕಿ ಸುಟ್ಟೆ. ಅವು ಕೆಟ್ಟ ಚಿತ್ರಗಳೆಂದು ಆಗ ನಂಬಿದ್ದೆ. ಅಷ್ಟೂ ಕಾಗದ ಬೂದಿಯಾಗಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಹಳೆಯದು ತೊಲಗಿದರೆ ಹೊಸದಕ್ಕೆ ದಾರಿಯಾಗುತ್ತದೆ ಎಂದುಕೊಂಡಿದ್ದೆನಾದರೂ ಮುಂದಿನ ಎಂಟು ತಿಂಗಳು ನನ್ನಿಂದ ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲಾಗಲಿಲ್ಲ. ನಾಶವೂ ಸೃಷ್ಟಿಯ ಭಾಗವೇ ಎಂಬ ಮಾತನ್ನು ಯಾರಾದರೂ ಆಡಿದಾಗಲೆಲ್ಲ ನನಗೆ ಆ ಒಲೆ ನೆನಪಾಗುತ್ತದೆ; ಆ ಮಾತು ಎಲ್ಲ ಬಗೆಯ ನಾಶಕ್ಕೂ ಒಪ್ಪುವುದಿಲ್ಲ ಎಂದು ಹೇಳಬೇಕೆನಿಸುತ್ತದೆ. ಎಂಥ ನಾಶಕ್ಕೆ ಒಪ್ಪುತ್ತದೆ ಎಂಬುದು ನನಗೆ ತಿಳಿದದ್ದು 1953ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಕೆಲಸದಿಂದ.

ಟೆಕ್ಸಸ್‌ನಲ್ಲಿ ಹುಟ್ಟಿದ ಕಲಾವಿದ ರಾಬರ್ಟ್ ರೌಶೆನ್‌ಬರ್ಗ್‌ಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಎರಡು ವರ್ಷ ಮೊದಲು, 1951ರಲ್ಲಿ, ಅವನು ಬಿಳಿ ಬಣ್ಣವನ್ನಲ್ಲದೆ ಬೇರೇನೂ ಇಲ್ಲದ ಕ್ಯಾನ್ವಾಸುಗಳನ್ನು ಮಾಡಿದ್ದ. ಅದೇ ಬಿಳುಪನ್ನು ರೇಖಾಚಿತ್ರದೊಳಕ್ಕೆ ತರುವುದು ಹೇಗೆ ಎಂದು ಯೋಚಿಸುತ್ತ, ಗೆರೆ ಎಳೆಯುವುದರಿಂದ ಚಿತ್ರವಾಗುವ ಹಾಗೆ ಗೆರೆ ಅಳಿಸುವುದರಿಂದಲೂ ಚಿತ್ರವಾಗಬಹುದೇ ಎಂಬ ಪ್ರಶ್ನೆಗೆ ಬಂದು ಮುಟ್ಟಿದ. ಮೊದಲು ತನ್ನದೇ ಚಿತ್ರಗಳನ್ನು ಅಳಿಸಿ ನೋಡಿದ. ಸಮಾಧಾನವಾಗಲಿಲ್ಲ. ತಾನೇ ಬಿಡಿಸಿ ತಾನೇ ಅಳಿಸಿದರೆ ಉಳಿಯುವುದು ಖಾಲಿ ಹಾಳೆ ಮಾತ್ರ. ಅಳಿಸುವ ಕೆಲಸಕ್ಕೆ ತೂಕ ಬರಬೇಕಾದರೆ ಅಳಿಸಲ್ಪಡುವುದು ಎಲ್ಲರೂ ಕಲೆಯೆಂದು ಒಪ್ಪಿಕೊಂಡದ್ದೇ ಆಗಿರಬೇಕು ಎಂದು ಅವನಿಗೆ ತೋರಿತು.

ಆದ್ದರಿಂದ ಅವನು ತಾನು ಬಹಳವಾಗಿ ಮೆಚ್ಚಿದ್ದ ಹಿರಿಯ ಕಲಾವಿದ ವಿಲೆಮ್ ಡಿ ಕೂನಿಂಗ್‌ನ ಬಾಗಿಲಿಗೆ ಹೋದ. ಕೈಯಲ್ಲೊಂದು ವಿಸ್ಕಿ ಬಾಟಲಿ ಹಿಡಿದು ಬಾಗಿಲು ತಟ್ಟುವಾಗ, ಆತ ಮನೆಯಲ್ಲಿ ಇಲ್ಲದಿದ್ದರೆ ಸಾಕು ಎಂದು ಹಾರೈಸುತ್ತಿದ್ದೆ ಎಂದು ರೌಶೆನ್‌ಬರ್ಗ್ ಮುಂದೆ ಹೇಳಿಕೊಂಡಿದ್ದಾನೆ. ಡಿ ಕೂನಿಂಗ್ ಮನೆಯಲ್ಲೇ ಇದ್ದ. ಅವನಿಗೆ ಈ ಬೇಡಿಕೆ ಹಿಡಿಸಲಿಲ್ಲ, ಆದರೆ ಅದರ ಹಿಂದಿನ ವಿಚಾರ ಅರ್ಥವಾಯಿತು. ಕೊಡುವುದಾದರೆ ಕಳೆದುಕೊಂಡ ಮೇಲೆ ತನಗೇ ಕೊರತೆಯೆನಿಸುವಂಥದ್ದನ್ನು ಕೊಡಬೇಕು, ಅದು ಅಳಿಸಲು ಬಹಳ ಕಷ್ಟವಾಗುವಂಥದ್ದೂ ಆಗಿರಬೇಕು ಎಂದು ಅವನು ಹುಡುಕಿ ಹುಡುಕಿ ಒಂದು ಹಾಳೆಯನ್ನು ಆರಿಸಿದ. ಈ ಪ್ರಸಂಗದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟುವುದು ಈ ಆಯ್ಕೆಯೇ. ಬೇಡವಾದ ಒಂದು ಹಾಳೆಯನ್ನು ಕೊಟ್ಟು ಹುಡುಗನನ್ನು ಸಾಗಹಾಕುವುದು ಎಷ್ಟು ಸುಲಭವಿತ್ತು!

ಆ ಹಾಳೆಯ ಮೇಲೆ ಇದ್ದಿಲು, ಪೆನ್ಸಿಲ್, ಕ್ರೇಯಾನ್, ಎಣ್ಣೆಬಣ್ಣ ಎಲ್ಲವೂ ಇದ್ದವು, ಅಳಿಸಲು ಸುಮಾರು ಒಂದು ತಿಂಗಳು ಹಿಡಿಯಿತು ಎಂದು ರೌಶೆನ್‌ಬರ್ಗ್ ನೆನಪಿಸಿಕೊಂಡಿದ್ದಾನೆ. ಈ ಸಾಮಗ್ರಿಗಳೊಂದಿಗೆ ಒಡನಾಡಿದವರಿಗೆ ಆ ತಿಂಗಳ ಅರ್ಥ ಕೂಡಲೇ ಆಗುತ್ತದೆ: ಇದ್ದಿಲು ಮೆತ್ತನೆಯ ರಬ್ಬರಿಗೆ ಸುಲಭವಾಗಿ ಅಂಟಿಕೊಂಡು ಬರುತ್ತದೆ, ಪೆನ್ಸಿಲ್ಲಿನ ಸೀಸ ಹೋದರೂ ಅದು ಒತ್ತಿದ ಗೀರು ಕಾಗದದಲ್ಲಿ ತಗ್ಗಾಗಿ ಉಳಿಯುತ್ತದೆ, ಕ್ರೇಯಾನ್ ಮೇಣದ ವಸ್ತುವಾದ್ದರಿಂದ ಉಜ್ಜಿದಷ್ಟೂ ಸವರಿಕೊಂಡು ಹರಡುತ್ತದೆ, ಎಣ್ಣೆಯಂತೂ ಕಾಗದದ ನಾರಿನೊಳಕ್ಕೇ ಇಳಿದಿರುತ್ತದೆ. ಸ್ವಲ್ಪ ಜೋರಾಗಿ ಉಜ್ಜಿದರೆ ಹಾಳೆಯೇ ಹರಿಯುತ್ತದೆ. ಯಾವ ಗೆರೆಯ ಮೇಲೆ ಯಾವ ಗೆರೆ ಬಂದಿದೆ, ಕೈ ಎಲ್ಲಿ ಒತ್ತಿದೆ, ಎಲ್ಲಿ ಹಗುರಾಗಿ ಹಾರಿದೆ ಎಂಬುದನ್ನು ತಿಳಿಯದೆ ಅದನ್ನು ಶುಚಿಯಾಗಿ ಅಳಿಸಲಾಗದು. ಅಳಿಸುವವನು ಬಿಡಿಸಿದವನ ದಾರಿಯಲ್ಲೇ ಕೊನೆಯ ಗೆರೆಯಿಂದ ಮೊದಲ ಗೆರೆಯ ಕಡೆಗೆ ನಡೆಯಬೇಕಾಗುತ್ತದೆ. ಆ ಒಂದು ಚಿತ್ರವನ್ನು ರೌಶೆನ್‌ಬರ್ಗ್ ನೋಡಿದಷ್ಟು ಹತ್ತಿರದಿಂದ ಬೇರೆ ಯಾರೂ ನೋಡಿರಲಾರರು ಎಂದು ನನ್ನ ನಂಬಿಕೆ.

ಅವನು ಬಾಗಿಲು ತಟ್ಟಿದ್ದು ಡಿ ಕೂನಿಂಗ್‌ನದು ಎಂಬುದಕ್ಕೂ ವಿಶೇಷ ಅರ್ಥವಿದೆ. ಡಿ ಕೂನಿಂಗ್ ಸ್ವತಃ ಕೆರೆದು ಕೆರೆದು ಕಟ್ಟುವ ಕಲಾವಿದ. 1950ರಲ್ಲಿ ಆರಂಭಿಸಿದ ‘ವುಮನ್ 1’ ಎಂಬ ತೈಲಚಿತ್ರವನ್ನು ಅವನು ಬಿಡಿಸುವುದು, ಬಣ್ಣ ಹಸಿಯಿರುವಾಗಲೇ ಕೆರೆದು ತೆಗೆಯುವುದು, ಮತ್ತೆ ಬಿಡಿಸುವುದು ಹೀಗೆ ಸುಮಾರು ಒಂದೂವರೆ ವರ್ಷ ನಡೆಸಿ, ಕೊನೆಗೆ ಕೈಲಾಗದೆಂದು ಕ್ಯಾನ್ವಾಸನ್ನು ಚೌಕಟ್ಟಿನಿಂದಲೇ ಬಿಡಿಸಿ ಪಕ್ಕಕ್ಕಿಟ್ಟಿದ್ದ. ಕಲಾ ಇತಿಹಾಸಕಾರ ಮೇಯರ್ ಶಪೀರೊ ಬಂದು ನೋಡಿ ಹುರಿದುಂಬಿಸಿದ ಮೇಲೆಯೇ ಅದನ್ನು ಮತ್ತೆ ಎತ್ತಿಕೊಂಡು 1952ರಲ್ಲಿ ಮುಗಿಸಿದ. ಮರುವರ್ಷ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದನ್ನು ಕೊಂಡಿತು. ಆ ಚಿತ್ರ ದಾಟಿಬಂದ ಹಂತಗಳ ಛಾಯಾಚಿತ್ರಗಳಿವೆ. ಅವುಗಳಲ್ಲಿ ಕಾಣುವ ಹೆಂಗಸು ಪ್ರತಿ ಸಲವೂ ಬೇರೆಯವಳು, ಅವರಲ್ಲಿ ಒಬ್ಬಳನ್ನಾದರೂ ಅಲ್ಲಿಗೇ ಉಳಿಸಿಕೊಂಡಿದ್ದರೆ ಸಾಕಿತ್ತಲ್ಲ ಎಂದು ನೋಡುವವರಿಗೆ ಅನ್ನಿಸುತ್ತದೆ. ಆದರೆ ಈಗಿರುವ ಚಿತ್ರದ ಮೈಯಲ್ಲಿರುವ ಒರಟುತನ ಮತ್ತು ಆತುರ ಬಂದದ್ದು ಅವರೆಲ್ಲ ಹೋದದ್ದರಿಂದಲೇ.

ನಮ್ಮಲ್ಲಿ ಈ ಮಾತು ಬಂದಾಗ ದಿನವೂ ಬರೆದು ದಿನವೂ ಗುಡಿಸುವ ರಂಗೋಲಿಯನ್ನು ಹೋಲಿಕೆಗೆ ತರುವವರಿದ್ದಾರೆ. ನನಗೆ ಅದು ಅಷ್ಟಾಗಿ ಒಪ್ಪಿತವಲ್ಲ. ರಂಗೋಲಿ ನಾಳೆ ಇರುವುದಿಲ್ಲವೆಂದು ತಿಳಿದೇ ಇಡುವಂಥದ್ದು. ಡಿ ಕೂನಿಂಗ್ ಕೊಟ್ಟ ಹಾಳೆ ಉಳಿಯಲೆಂದು ಬಿಡಿಸಿದ್ದು, ಹಾಗಾಗಿ ಅದರ ಅಳಿವಿನಲ್ಲಿ ನಷ್ಟವಿದೆ, ಆ ನಷ್ಟವನ್ನು ಇಬ್ಬರೂ ಅರಿತು ಒಪ್ಪಿಕೊಂಡಿದ್ದಾರೆ.

ಈ ಕತೆಯನ್ನು ಓದಿದ ಕೆಲವು ದಿನಗಳ ಮೇಲೆ ನಾನೂ ಒಂದು ಚಿತ್ರವನ್ನು ಅಳಿಸಲು ಕುಳಿತೆ. ಒಲೆಯ ದಿನ ಸ್ನೇಹಿತೆಯೊಬ್ಬಳ ಮನೆಯಲ್ಲಿದ್ದುದರಿಂದ ಉಳಿದುಕೊಂಡಿದ್ದ, ಅಜ್ಜಿ ಹೂಬತ್ತಿ ಹೊಸೆಯುತ್ತಿರುವ ಚಿತ್ರವದು. ಒಂಬತ್ತು ಸಂಜೆಗಳು ಬೇಕಾದವು. ಮೂರನೆಯ ಸಂಜೆ ಬಲ ಮಣಿಕಟ್ಟಿನ ಬಳಿ ಒಂದರ ಕೆಳಗೊಂದು ಐದಾರು ಗೆರೆಗಳು ಸಿಕ್ಕವು. ತೋಳಿನ ಭಾರ ಎಲ್ಲಿ ಇಳಿಯುತ್ತದೆ ಎಂದು ತಿಳಿಯದೆ ನಾನು ಅಲ್ಲಿ ಮತ್ತೆ ಮತ್ತೆ ತಡಕಾಡಿದ್ದೆ, ಕೊನೆಗೆ ನೆರಳು ತುಂಬಿ ಅದನ್ನೆಲ್ಲ ಮುಚ್ಚಿಬಿಟ್ಟಿದ್ದೆ. ಸುಟ್ಟ ಅರವತ್ತು ಹಾಳೆಗಳಲ್ಲಿಯೂ ಇಂಥವು ಇದ್ದಿರಬೇಕು. ಬೂದುಬಣ್ಣಕ್ಕೆ ತಿರುಗಿದ ಅದೇ ಹಾಳೆಯ ಮೇಲೆ ಹತ್ತನೆಯ ದಿನ ಅಜ್ಜಿಯ ಕೈಗಳನ್ನು ಮತ್ತೆ ಬಿಡಿಸಿದೆ, ಈ ಸಲ ಮಣಿಕಟ್ಟು ಒಂದೇ ಗೆರೆಯಲ್ಲಿ ಬಂತು.

ರೌಶೆನ್‌ಬರ್ಗ್ ಅಳಿಸಿದ ಹಾಳೆ ಇಂದು ಚಿನ್ನದ ಬಣ್ಣದ ಚೌಕಟ್ಟಿನಲ್ಲಿ, ಗೆಳೆಯ ಜಾಸ್ಪರ್ ಜಾನ್ಸ್ ಅಚ್ಚುಕಟ್ಟಾಗಿ ಬರೆದುಕೊಟ್ಟ ಶೀರ್ಷಿಕೆಯ ಚೀಟಿಯೊಂದಿಗೆ ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. 1998ರಲ್ಲಿ ಅದನ್ನು ಪಡೆದ ಸಂಗ್ರಹಾಲಯವು 2010ರಲ್ಲಿ ಅವಕೆಂಪು ಕಿರಣಗಳಿಂದ ಪರೀಕ್ಷಿಸಿ, ಅಳಿದುಹೋದ ಗೆರೆಗಳ ಗುರುತುಗಳನ್ನು ಗಣಕದ ನೆರವಿನಿಂದ ಗಾಢಗೊಳಿಸಿತು. ಕೆಲವು ಆಕೃತಿಗಳು ಮಸುಕಾಗಿ ಮೂಡಿದವು. ಆ ಕುತೂಹಲ ಸಹಜವೇ. ನಾನೂ ಆ ಪ್ರತಿಯನ್ನು ಒಮ್ಮೆ ನೋಡಿದ್ದೇನೆ. ಆಮೇಲೆ ಮತ್ತೆ ಅಳಿಸಿದ ಹಾಳೆಯ ಚಿತ್ರಕ್ಕೇ ಮರಳಿದೆ, ಬಲಗಡೆಯ ಒಂದೆರಡು ಮಬ್ಬು ಕಲೆಗಳ ಮೇಲೆ ಕಣ್ಣಿಟ್ಟು, ಇಲ್ಲಿ ಯಾವುದು ಕ್ರೇಯಾನ್ ಆಗಿದ್ದೀತು, ಯಾವುದು ಎಣ್ಣೆ ಎಂದು ಊಹಿಸುತ್ತ ಬಹಳ ಹೊತ್ತು ಕುಳಿತಿದ್ದೆ.