ಸಾಗರದ ಕಡೆ ಒಂದು ಬೇಸಿಗೆ: ಬೆಳಗ್ಗೆ ಸುತ್ತಾಟ, ಮಧ್ಯಾಹ್ನ ಕೈಕೆಲಸ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಬೇಸಿಗೆ ಕಳೆಯಬೇಕು ಅಂತಿದ್ದರೆ ತಾರೀಕನ್ನು ಆಫೀಸಿನ ರಜೆ ನೋಡಿ ಗೊತ್ತುಮಾಡಬೇಡಿ. ಮಾವಿನ ಮಿಡಿ ಮತ್ತು ಹಲಸಿನಕಾಯಿ ನೋಡಿ ಗೊತ್ತುಮಾಡಿ. ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವಿನ ಮಿಡಿ, ಅಂದರೆ ಅಪ್ಪೆಮಿಡಿಯ ಜೋರು ಇರುವುದು ಫೆಬ್ರವರಿ, ಮಾರ್ಚಲ್ಲಿ. ಹಪ್ಪಳಕ್ಕೆ ಆಗುವಷ್ಟು ಹಲಸು ಬಲಿಯುವುದು ಏಪ್ರಿಲ್ ಹೊತ್ತಿಗೆ. ಎರಡೂ ಬೇಕು ಅನ್ನುವವರು ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನೊಳಗೆ ಹೋಗಬೇಕು. ಆಗ ತಡವಾಗಿ ಬಿಡುವ ಮರಗಳಲ್ಲಿ ಮಿಡಿ ಇನ್ನೂ ಸಿಗುತ್ತದೆ, ಹಲಸೂ ಶುರುವಾಗಿರುತ್ತದೆ.

ನಾವಿಬ್ಬರು ಉಳಿದಿದ್ದು ನಮ್ಮವರ ಚಿಕ್ಕಮ್ಮನ ಮನೆಯಲ್ಲಿ, ಸಾಗರದಿಂದ ಹೆಗ್ಗೋಡಿಗೆ ಹೋಗುವ ದಾರಿಯಲ್ಲಿ. ನೆಂಟರಿಲ್ಲದವರಿಗೂ ತೊಂದರೆಯಿಲ್ಲ, ಈ ಕಡೆ ಹೋಂಸ್ಟೇಗಳು ಬೇಕಾದಷ್ಟಿವೆ. ಆದರೆ ರೂಮು ಬುಕ್ ಮಾಡುವ ಮೊದಲು ಫೋನ್ ಮಾಡಿ ಒಂದು ಮಾತು ಕೇಳಿ: "ನಿಮ್ಮನೇಲಿ ಹಪ್ಪಳ ಮಾಡ್ತೀರಾ? ನಾವೂ ಜೊತೆಗೆ ಕೂತ್ಕೋಬಹುದಾ?" ಖುಷಿಯಿಂದ ಹೂಂ ಅಂದ ಮನೆಯನ್ನೇ ಆರಿಸಿ. ಸ್ವಿಮ್ಮಿಂಗ್ ಪೂಲ್ ಇರುವ ರೆಸಾರ್ಟಿಗಿಂತ ಅದು ಎಷ್ಟೋ ಮೇಲು. ಬೆಂಗಳೂರಿನಿಂದ ಬರುವವರಿಗೆ ತಾಳಗುಪ್ಪಕ್ಕೆ ಹೋಗುವ ರೈಲು ಅನುಕೂಲ. ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ಇಳಿದರೆ ಊರೊಳಗೇ ಇಳಿದ ಹಾಗೆ. ಸುತ್ತಾಡುವುದಕ್ಕೆ ಒಂದು ಸ್ಕೂಟರೋ ಕಾರೋ ಗೊತ್ತುಮಾಡಿಕೊಳ್ಳಿ, ಒಳಗಿನ ಹಳ್ಳಿಗಳಿಗೆ ಬಸ್ಸು ಕಡಿಮೆ.

ಮಲೆನಾಡು ಅಂದರೆ ಯಾವಾಗಲೂ ತಂಪು ಅನ್ನುವ ನಂಬಿಕೆ ಬಿಟ್ಟುಬಿಡಿ. ಏಪ್ರಿಲ್ ಮಧ್ಯಾಹ್ನ ಇಲ್ಲೂ ಬಿಸಿಲು ಚುರುಕು, ಸೆಕೆ ಜಾಸ್ತಿ. ಆರು ಗಂಟೆಗೆಲ್ಲ ಹೊರಟು ಹತ್ತರೊಳಗೆ ಮನೆ ಸೇರಬೇಕು. ಮಧ್ಯಾಹ್ನವೆಲ್ಲ ನೆರಳಲ್ಲಿ ಕೂತು ಕೈಕೆಲಸ. ನಾಲ್ಕೂವರೆ ಆದ ಮೇಲೆ ಮತ್ತೆ ಹೊರಗೆ. ಹೀಗೆ ಮಾಡಿದರೆ ದಣಿವೂ ಆಗುವುದಿಲ್ಲ, ದಿನವೂ ಉದ್ದ ಅನ್ನಿಸುತ್ತದೆ.

ಬೆಳಗಿನ ಹೊತ್ತಿಗೆ ಇಕ್ಕೇರಿ ಒಳ್ಳೆಯದು. ಸಾಗರದಿಂದ ಸುಮಾರು 6 ಕಿಲೋಮೀಟರ್. ಅಘೋರೇಶ್ವರ ದೇವಸ್ಥಾನದ ಕಲ್ಲು ಬೆಳಗ್ಗೆ ಕಾಲಿಗೆ ತಣ್ಣಗಿರುತ್ತದೆ, ಜನವೂ ಇರುವುದಿಲ್ಲ. ಎದುರಿನ ಮಂಟಪದ ನಂದಿಯನ್ನು ಒಂದು ಸುತ್ತು ಹಾಕಿ ನೋಡಿ. ಕೆಳದಿಯೂ ಹತ್ತಿರವೇ. ರಾಮೇಶ್ವರ ದೇವಸ್ಥಾನದಲ್ಲಿ ತಲೆ ಎತ್ತಿ ಮೇಲ್ಛಾವಣಿಯ ಗಂಡಭೇರುಂಡ ನೋಡುವುದನ್ನು ಮರೆಯಬೇಡಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯ ರಾಣಿ ಚೆನ್ನಮ್ಮನ ಮನೆತನ ಹುಟ್ಟಿದ ಊರಿದು. ಅಲ್ಲಿನ ಮ್ಯೂಸಿಯಂ ನೋಡಬೇಕು ಅಂದರೆ ಸ್ವಲ್ಪ ತಡವಾಗಿ ಹೊರಡಿ. ವರದಾ ನದಿ ಹುಟ್ಟುವ ವರದಾಮೂಲ ಚಿಕ್ಕ ಜಾಗ, ದಾರಿಯಲ್ಲಿ ಸಿಕ್ಕರೆ ನೋಡಿಕೊಂಡು ಬನ್ನಿ.

ಜೋಗಕ್ಕೆ ನೀರು ನೋಡಲು ಬೇಸಿಗೆಯಲ್ಲಿ ಹೋಗಬೇಡಿ, ಬೇಜಾರಾಗುತ್ತದೆ. ಬಂಡೆ ನೋಡಲು ಹೋಗಿ. 253 ಮೀಟರ್ ಎತ್ತರದ ಆ ಗೋಡೆ ಮಳೆಗಾಲದಲ್ಲಿ ಮಂಜು, ನೀರಿನ ಹಿಂದೆ ಮುಚ್ಚಿಹೋಗಿರುತ್ತದೆ. ಈಗ ಅದರ ಒಂದೊಂದು ಪದರವೂ ಕಾಣಿಸುತ್ತದೆ. ಕೆಳಗಿಳಿಯುವ ಮೆಟ್ಟಿಲ ದಾರಿ ತೆರೆದಿದೆಯೋ ಇಲ್ಲವೋ ಮೊದಲೇ ಕೇಳಿಕೊಳ್ಳಿ. ಸಿಗಂದೂರಿಗೆ ಹೋಗುವವರು ಈಗ ಲಾಂಚಿಗೆ ಕಾಯಬೇಕಿಲ್ಲ, 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ತೆರೆದಿದೆ.

ಸಂಜೆಗೆ ನಮಗೆ ತುಂಬಾ ಹಿಡಿಸಿದ್ದು ಹೊನ್ನೆಮರಡು. ಲಿಂಗನಮಕ್ಕಿ ಹಿನ್ನೀರಿನ ದಂಡೆ. ತೆಪ್ಪ, ದೋಣಿ ಹುಟ್ಟುಹಾಕುವುದನ್ನು ಅಲ್ಲಿ ಕಲಿಸುತ್ತಾರೆ. ಸುಮ್ನೆ ಹೋಗಿ ನಿಂತರೆ ಆಗುವುದಿಲ್ಲ, ಮೊದಲೇ ಮಾತಾಡಿಕೊಂಡು ಹೋಗಬೇಕು. ಲೈಫ್ ಜಾಕೆಟ್ ಇಲ್ಲದೆ ನೀರಿಗೆ ಇಳಿಯಲೇಬೇಡಿ, ಈಜು ಬಂದರೂ ಸರಿ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಹಿನ್ನೀರಿನ ಅಡಿಯಲ್ಲಿ ಇನ್ನೂ ಇವೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವು ತಲೆ ಹಾಕುತ್ತವೆ, ಇನ್ನೂ ಕೆಲವು ಕೈಯಳತೆ ಕೆಳಗೆ ಕಾಣದೆ ನಿಂತಿರುತ್ತವೆ. ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟೂ ಮೇಲೆ ಕಾಣಿಸುತ್ತದೆ. ಅದು ಎಲ್ಲ ವರ್ಷವೂ ಆಗುವಂಥದ್ದಲ್ಲ. ಕಾಣಿಸಿದರೂ ಊರಿನವರನ್ನು ಕೇಳದೆ ಹಿನ್ನೀರಿನ ಕೆಸರಿಗೆ ಗಾಡಿ ಇಳಿಸಬೇಡಿ.

ಇನ್ನು ಉಣುಗಿನ ವಿಷಯ. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಲ್ಲಿ, 1957ರಲ್ಲಿ. ಸಾಗರ ತಾಲೂಕಿನ ಅರಳಗೋಡು ಕಡೆ 2019ರಲ್ಲಿ ಅದು ಜೀವಗಳನ್ನೇ ತೆಗೆದುಕೊಂಡಿತು. ಉಣುಗು ಕಚ್ಚಿ ಹರಡುವ ಜ್ವರ ಅದು. ಮರಿ ಉಣುಗುಗಳು ಜಾಸ್ತಿ ಇರುವುದು ಇದೇ ಒಣ ತಿಂಗಳುಗಳಲ್ಲಿ, ಡಿಸೆಂಬರಿನಿಂದ ಮೇವರೆಗೆ. ಎಳ್ಳಿಗಿಂತ ಚಿಕ್ಕವು, ಮೈಮೇಲೆ ಹರಿದರೂ ಗೊತ್ತಾಗುವುದಿಲ್ಲ. ಹೋದ ದಿನವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಈ ವರ್ಷ ಯಾವ ಊರಲ್ಲಿ ಕೇಸು ಬಂದಿದೆ ಅಂತ. ಉಣುಗು ಹತ್ತದ ಹಾಗೆ ಕೈಕಾಲಿಗೆ ಹಚ್ಚುವ ಡೇಪಾ ಎಣ್ಣೆಯನ್ನೂ ಅಲ್ಲೇ ವಿಚಾರಿಸಿ. ಕೇಸು ಇರುವ ಕಡೆ ಕಾಡಿಗೆ ಹೋಗಲೇಬೇಡಿ. ಬೇರೆ ಕಡೆಯೂ ತುಂಬುತೋಳು, ಉದ್ದ ಪ್ಯಾಂಟು, ಪ್ಯಾಂಟಿನ ಮೇಲೆ ಎಳೆದ ಸಾಕ್ಸು ಇರಲಿ. ದರಗಿನ (ಉದುರಿದ ಒಣ ಎಲೆಯ) ಮೇಲೆ ಕೂರುವುದು, ಮಲಗುವುದು ಬೇಡವೇ ಬೇಡ. ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಸೋಪು ಹಾಕಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೋ ಪಂಚಾಯಿತಿಗೋ ತಿಳಿಸಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಇಂಥಾ ಕಡೆ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲು ಹೇಳಿ.

ಮಧ್ಯಾಹ್ನದ ಕೆಲಸಗಳಲ್ಲಿ ದೊಡ್ಡದು ಹಪ್ಪಳ. ಇದಕ್ಕೆ ಬಲಿತ ಕಾಯಿ ಬೇಕು, ಹಣ್ಣಿಗೆ ತಿರುಗಿರಬಾರದು. ಸೊಳೆ ಗಟ್ಟಿ ಇರುವ ಬಕ್ಕೆ ಹಲಸಾದರೆ ಒಳ್ಳೆಯದು. ಕೈಗೂ ಕತ್ತಿಗೂ ಧಾರಾಳ ಕೊಬ್ಬರಿ ಎಣ್ಣೆ ಸವರಿಕೊಂಡೇ ಕಾಯಿ ಒಡೆಯಬೇಕು, ಇಲ್ಲದಿದ್ದರೆ ಮೇಣ ಬಿಡುವುದಿಲ್ಲ. ಸೊಳೆ ಬಿಡಿಸಿ, ಬೇಳೆ ತೆಗೆದು, ನೀರು ತಾಗದ ಹಾಗೆ ಹಬೆಯಲ್ಲಿ ಬೇಯಿಸಬೇಕು. ಆಮೇಲೆ ಒರಳಿಗೆ ಹಾಕಿ ಉಪ್ಪು, ಮೆಣಸು, ಜೀರಿಗೆ ಸೇರಿಸಿ ಒನಕೆಯಿಂದ ಕುಟ್ಟುವುದು. "ಬಿಸಿ ಇದ್ದಾಗ್ಲೇ ಕುಟ್ಟವು ತಂಗಿ, ತಣದ್ರೆ ಬಗ್ತಿಲ್ಲೆ" ಅಂತಿದ್ದರು ಚಿಕ್ಕಮ್ಮ. ನಮ್ಮವರು ಒನಕೆ ಹಿಡಿದರು, ನಾನು ಉಂಡೆ ಕಟ್ಟಿದೆ. ಸೊಳೆಯ ನಾರು ಕಾಣದಷ್ಟು ನುಣ್ಣಗಾದರೆ ಹದ ಬಂತು ಅಂತ ಲೆಕ್ಕ. ಎಣ್ಣೆ ಹಚ್ಚಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆ ಇಟ್ಟು ಮಣೆಯಿಂದ ಒಂದೇ ಸಲ ಒತ್ತಬೇಕು. ಅಂಚು ದಪ್ಪವಾಗಿ ಉಳಿದರೆ ಕರಿಯುವಾಗ ಅಲ್ಲಿ ಮಾತ್ರ ಗಟ್ಟಿ. ಈ ಕೆಲಸಕ್ಕೆ ಕೂತಾಗ ಒಂದು ಉಂಡೆ ಹಸಿ ಹಿಟ್ಟನ್ನು ಕೊಬ್ಬರಿ ಎಣ್ಣೆ, ಕಾಯಿತುರಿ ಜೊತೆ ತಿನ್ನದೆ ಏಳಬೇಡಿ. ಆ ರುಚಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಪ್ಪಳ ಹಚ್ಚಿದ ಚಾಪೆಯನ್ನು ಅಂಗಳದಲ್ಲಿ ಬಿಟ್ಟು ಎಲ್ಲರೂ ಸುತ್ತಲು ಹೋಗುವಂತಿಲ್ಲ. ಏಪ್ರಿಲ್ಲಿನಲ್ಲಿ ಮೂರು ಗಂಟೆ ಹೊತ್ತಿಗೆ ಗುಡುಗಿ ಅಡ್ಡಮಳೆ ಬರುವುದು ಮಾಮೂಲು. ಒಮ್ಮೆ ನೆನೆದ ಹಪ್ಪಳ ಬೂಸಲು ಹಿಡಿಯುತ್ತದೆ. ಮನೆಯಲ್ಲಿ ಒಬ್ಬರಾದರೂ ಇರಬೇಕು, ಮಂಗಗಳನ್ನು ಓಡಿಸುವುದಕ್ಕೂ.

ಅಪ್ಪೆಮಿಡಿಯಲ್ಲಿ ಕೆಲಸ ಕಡಿಮೆ, ಜಾಗ್ರತೆ ಜಾಸ್ತಿ. ತೊಟ್ಟು ಇರುವ ಮಿಡಿಯನ್ನೇ ಕೊಳ್ಳಿ. ನೆಲಕ್ಕೆ ಬಿದ್ದದ್ದು, ಪೆಟ್ಟು ತಿಂದದ್ದು ಬೇಡ, ಒಂದು ಕೊಳೆತರೆ ಭರಣಿಯೇ ಹಾಳು. ಮುರಿದ ತೊಟ್ಟಿನ ಸೊನೆ ಮೂಸಿ ನೋಡಿ, ಪರಿಮಳ ಗೊತ್ತಾಗುತ್ತದೆ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಂತ ಒಂದೊಂದು ಮರಕ್ಕೂ ಹೆಸರೇ ಇದೆ. ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು, ಮೇಲೆ ಭಾರ. ಮಿಡಿ ನೀರು ಬಿಟ್ಟು ಚಿರುಟುವವರೆಗೆ ಕಾಯಬೇಕು. ಸಾಸಿವೆ, ಮೆಣಸಿನ ಖಾರ ಹಾಕುವುದು ಅದಾದ ಮೇಲೆ. ರಜೆ ಚಿಕ್ಕದಿದ್ದರೆ ಉಪ್ಪು ಹಾಕಿದ ಮಿಡಿಯನ್ನೇ ಊರಿಗೆ ತಂದು ಖಾರ ಅಲ್ಲಿ ಹಾಕಿ.

ನನ್ನ ಮನಸ್ಸು ಹೆಚ್ಚು ನಿಂತಿದ್ದು ಹಸೆ ಚಿತ್ತಾರದ ಮೇಲೆ. ಇಲ್ಲಿನ ದೀವರು ಸಮುದಾಯದ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆ ಮೇಲೆ, ಭೂಮಿ ಹುಣ್ಣಿಮೆಯ ಬುಟ್ಟಿ ಮೇಲೆ ಬರೆಯುವ ಚಿತ್ತಾರ ಇದು. ಸಾಗರದ ಹತ್ತಿರದ ಸಿರಿವಂತೆಯಲ್ಲಿ ಬರೆಯುವವರಿದ್ದಾರೆ. ಅವರ ಕೈಯನ್ನು ಹತ್ತಿರ ಕೂತು ನೋಡಿ. ಬಣ್ಣ ಅಂಗಡಿಯದ್ದಲ್ಲ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಕಲು ಹುರಿದ ಅಕ್ಕಿ, ಹಳದಿಗೆ ಗುರಿಗೆ ಬೀಜ. ಬ್ರಷ್ಷು ಪುಂಡಿ ನಾರಿನದ್ದು. ಮನೆಯಲ್ಲಿ ಹಳೇ ಹಲಗೆಗೆ ಕೆಮ್ಮಣ್ಣು ಬಳಿದು ಒಣಗಿಸಿ ನಾವಿಬ್ಬರೂ ಕೂತೆವು. ನಾರಿನ ತುದಿ ಅಕ್ಕಿಹಿಟ್ಟಿನ ನೀರು ಕುಡಿದಾಗ ಬರೆದ ಗೆರೆ ಮೊದಲು ಮಂಕಾಗಿ ಕಾಣುತ್ತದೆ. ಒಣಗುತ್ತಾ ಬಂದ ಹಾಗೆ ಬೆಳ್ಳಗೆ ಎದ್ದು ಬರುತ್ತದೆ. ಆದ್ದರಿಂದ ಸರಿಯಾಗಿ ಕಾಣಲಿಲ್ಲ ಅಂತ ಅದರ ಮೇಲೆ ಇನ್ನೊಂದು ಗೆರೆ ಎಳೆಯಬೇಡಿ. ಒಂದೆಳೆ, ಎರಡೆಳೆಯ ಗೆರೆಗಳಿಂದ ಶುರುಮಾಡಿ, ಜೋಗಿಜಡೆಯಂಥ ಕಷ್ಟದ ವಿನ್ಯಾಸಕ್ಕೆ ಆಮೇಲೆ ಹೋಗಿ. ಕಲಿಸಿದವರಿಗೆ ಅವರ ಸಮಯದ ಬೆಲೆ ಕೊಡಿ, ಒಂದು ಚಿತ್ತಾರವನ್ನಾದರೂ ಕೊಂಡುಕೊಳ್ಳಿ. ಇದು ಅವರ ಮನೆಯ ವಿದ್ಯೆ, ಅಲ್ವಾ?

ಬಣ್ಣದಲ್ಲಿ ಆಸಕ್ತಿ ಇದ್ದವರು ಭೀಮನಕೋಣೆಯ ಚರಕಕ್ಕೂ ಹೋಗಿಬನ್ನಿ. ಅಡಿಕೆ ಚೊಗರಿನಿಂದ (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ನೀರಿನಿಂದ) ಬಟ್ಟೆಗೆ ಬಣ್ಣ ಹಾಕುವ ಮಹಿಳೆಯರ ಕೈಮಗ್ಗ ಸಂಸ್ಥೆ ಅದು.

ವಾಪಸು ಹೊರಡುವಾಗ ಹಪ್ಪಳ ಚೆನ್ನಾಗಿ ಒಣಗಿದೆಯೋ ಇನ್ನೊಮ್ಮೆ ನೋಡಿ, ಮುರಿದರೆ ಟಕ್ ಅನ್ನಬೇಕು. ಗಾಳಿಯಾಡದ ಡಬ್ಬಿಯಲ್ಲಿ ಕಟ್ಟಿಕೊಳ್ಳಿ. ಮಿಡಿಗೆ ಪಿಂಗಾಣಿ ಭರಣಿ ರೈಲಿನಲ್ಲಿ ಬೇಡ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಉಪ್ಪುನೀರು ಚೆಲ್ಲದ ಹಾಗೆ ಸೀಟಿನ ಕೆಳಗೆ ನೆಟ್ಟಗೆ ನಿಲ್ಲಿಸಿ, ಭರಣಿಗೆ ಮನೆಯಲ್ಲಿ ಸುರಿದರಾಯಿತು.