ಭರಣಿ ಮಳೆಯ ಗಾಳಿ ಅಳೆಯುವ ಕೆಲಸ: ಮೂರನೇ ಬೇಸಿಗೆ

ಕಳೆದ ವರ್ಷ ಭರಣಿ ಮಳೆಗೆ ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದಲ್ಲಿ 43 ಅಡಿಕೆ ಮರ ಹೋದವು. ಬಿದ್ದ ಮಳೆ ಅರ್ಧ ಇಂಚೂ ಇಲ್ಲ. ಮರ ಮುರಿದ ಗಾಳಿ ಇದ್ದದ್ದು ಹೆಚ್ಚೆಂದರೆ ಒಂದು ನಿಮಿಷ. ಅಪ್ಪ ಸುಳಿಗಾಳಿ ಅಂದರು, ಊರಿನವರೂ ಹಾಗೇ ಅಂದರು. ಮರುದಿನ ಬೆಳಿಗ್ಗೆ ನಾನು ದಿಕ್ಸೂಚಿ ಹಿಡಿದು, ಒಂದೊಂದು ಮರ ಯಾವ ಕಡೆ ತಲೆ ಹಾಕಿ ಬಿದ್ದಿದೆ ಅಂತ ಬರೆದುಕೊಂಡೆ. ಪಕ್ಕದ ಮರ ಬಡಿದು ಬಿದ್ದವನ್ನು ಬಿಟ್ಟರೆ 31 ಉಳಿದವು. ಬಾವಿ ಹತ್ತಿರದಿಂದ ಬೀಸಣಿಗೆ ಬಿಚ್ಚಿದ ಹಾಗೆ, ನೈಋತ್ಯದಿಂದ ವಾಯವ್ಯದವರೆಗೆ ಹರಡಿ ಬಿದ್ದಿದ್ದವು. ಸುಳಿಯಾಗಿದ್ದರೆ ಒಳಮುಖವಾಗಿ, ಒಂದರ ಮೇಲೊಂದು ಅಡ್ಡಡ್ಡ ಬೀಳಬೇಕಿತ್ತು.

1974ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸಾಲುಸಾಲು ಸುಂಟರಗಾಳಿ ಬೀಸಿತ್ತಲ್ಲ, ಅದರ ಹಾನಿ ನೋಡಲು ವಿಮಾನದಲ್ಲಿ ಹಾರಿದ ಹವಾಮಾನ ವಿಜ್ಞಾನಿ ಟೆಟ್ಸುಯಾ ಫುಜಿತಾ ವೆಸ್ಟ್ ವರ್ಜೀನಿಯಾದ ಕಾಡಿನಲ್ಲಿ ಕಂಡದ್ದೂ ಇಂಥದ್ದೇ: ನಡುವಿನಿಂದ ಹೊರಕ್ಕೆ, ನಕ್ಷತ್ರದಂತೆ ಉರುಳಿದ ಮರಗಳು. 1945ರಲ್ಲಿ ನಾಗಸಾಕಿ, ಹಿರೋಷಿಮಾದಲ್ಲಿ ಬಾಂಬಿನ ಹಾನಿಯನ್ನು ಕಣ್ಣಾರೆ ನೋಡಿದ್ದವರು ಅವರು. ಆ ನೆನಪೇ ದಾರಿ ತೋರಿಸಿತು. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಗುಡುಗುಮಳೆಯಲ್ಲಿ ಬಿದ್ದ ಕಾರಣ ಹುಡುಕುತ್ತಾ, ಮೋಡದಿಂದ ನೆಲಕ್ಕೆ ಅಪ್ಪಳಿಸಿ ಸುತ್ತಲೂ ಹರಡುವ ಈ ಗಾಳಿಗೆ ಅವರು ಡೌನ್‌ಬರ್ಸ್ಟ್ ಎಂದು ಹೆಸರಿಟ್ಟರು. ನನ್ನ ನೋಟ್‌ಬುಕ್ಕಿನಲ್ಲಿ ಅದು 'ಸುರಿಗಾಳಿ'. ನೀರು ಸುರಿದ ಹಾಗೇ ಅಲ್ಲವೇ ಅದು ಬರುವುದು!

ಯಂತ್ರದ ವಿಷಯ ಬೇಗ ಮುಗಿಸುತ್ತೇನೆ. ಮೂರು ಬಟ್ಟಲಿನ ಗಾಳಿಮಾಪಕ, ಲೆಕ್ಕ ಹಾಕಲು ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ತಾಪ, ತೇವ, ಒತ್ತಡ ಮೂರನ್ನೂ ಅಳೆಯುವ ಬಿಎಂಇ280 ಸೆನ್ಸರ್, ಸೋಲಾರ್ ಪ್ಯಾನೆಲ್ಲು. ಅಂಗಳದಾಚೆ ಗದ್ದೆ ಅಂಚಿನಲ್ಲಿ 10 ಮೀಟರ್ ಕಂಬ. ಮಾಪಕದ ಸ್ವಿಚ್ಚು ಸೆಕೆಂಡಿಗೆ ಒಮ್ಮೆ ಕೂಡಿದರೆ ಗಂಟೆಗೆ 2.4 ಕಿ.ಮೀ. ಲೆಕ್ಕ. ಮೊದಲ ಬೇಸಿಗೆಯಲ್ಲಿ ಒಂದು ಸಂಜೆ 190 ಕಿ.ಮೀ. ಅಂತ ತೋರಿಸಿ ನನ್ನ ಎದೆ ಒಡೆಸಿತ್ತು. ಆಮೇಲೆ ಗೊತ್ತಾಯಿತು, ಒಂದೇ ಸುತ್ತಿಗೆ ಸ್ವಿಚ್ಚು ನಡುಗಿ ನಾಲ್ಕೈದು ಸಲ ಎಣಿಸುತ್ತಿತ್ತು. ಪ್ರೋಗ್ರಾಮಿನಲ್ಲಿ ತಿದ್ದಿದೆ, ಆ ವರ್ಷದ ಅಂಕಿಗಳನ್ನೆಲ್ಲ ಬಿಟ್ಟಿದ್ದೇನೆ. ಈಗ ಮೂರು ಸೆಕೆಂಡಿನ ಸರಾಸರಿಯನ್ನೇ ಗಾಳಿಯ ಹೊಡೆತ ಅಂತ ಹಿಡಿಯುವುದು.

ಈ ವರ್ಷ ಮನಸ್ಸು ಪೂರ್ತಿ ಇದ್ದದ್ದು ಒಂದೇ ಪ್ರಶ್ನೆಯ ಮೇಲೆ: ಯಾವ ಮೋಡ ಬರೀ ಗುಡುಗಿ ಮಳೆ ಹೊಯ್ದು ಹೋಗುತ್ತದೆ, ಯಾವುದು ಮರ ಮುರಿಯುತ್ತದೆ? ಗುಡುಗಿನ ಜೋರು ನೋಡಿ ಹೇಳಲಾಗುವುದಿಲ್ಲ, ಮೋಡದ ಕಪ್ಪು ನೋಡಿಯೂ ಆಗುವುದಿಲ್ಲ. ನೋಡಬೇಕಾದದ್ದು ಮೋಡದ ಕೆಳಗಿನ ಗಾಳಿ ಎಷ್ಟು ಒಣಗಿದೆ ಅಂತ. ಒಣಗಾಳಿಯಲ್ಲಿ ಬೀಳುವ ಹನಿ ದಾರಿಯಲ್ಲೇ ಆವಿಯಾಗುತ್ತದೆ. ಆವಿಯಾಗುತ್ತಾ ಸುತ್ತಲಿನ ಗಾಳಿಯ ಬಿಸಿ ಹೀರುತ್ತದೆ. ಆಲಿಕಲ್ಲು ಕರಗುವಾಗಲೂ ಹಾಗೇ. ತಣ್ಣಗಾದ ಗಾಳಿ ಭಾರವಾಗಿ ಕೆಳಗೆ ಕುಸಿಯುತ್ತದೆ. ಬೀಳುವ ದಾರಿ ಉದ್ದವಾದಷ್ಟೂ ತಣಿಯಲು ಪುರುಸೊತ್ತು ಹೆಚ್ಚು.

ಆ ದಾರಿಯ ಉದ್ದವನ್ನು ಅಂಗಳದಲ್ಲೇ ಅಂದಾಜು ಮಾಡಬಹುದು. ತಾಪಕ್ಕೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ತಾಪ) ಇರುವ ಅಂತರದ ಒಂದೊಂದು ಡಿಗ್ರಿಗೆ ಮೋಡದ ತಳ ಸುಮಾರು 125 ಮೀಟರ್ ಮೇಲಿರುತ್ತದೆ. ಮಧ್ಯಾಹ್ನ ಎರಡಕ್ಕೆ 35 ಮತ್ತು 19 ಇದ್ದರೆ ತಳ 2,000 ಮೀಟರಿನಲ್ಲಿ. 32 ಮತ್ತು 24 ಇದ್ದರೆ 1,000ದಲ್ಲಿ. ಎರಡು ಬೇಸಿಗೆಯಲ್ಲಿ ನನಗೆ ಸರಿಯಾಗಿ ಸಿಕ್ಕ 19 ಗುಡುಗುಮಳೆಗಳಲ್ಲಿ 50 ಕಿ.ಮೀ. ದಾಟಿದವು ನಾಲ್ಕು. ಆ ನಾಲ್ಕೂ ದಿನ ಅಂತರ 14ಕ್ಕಿಂತ ಹೆಚ್ಚಿತ್ತು. ಹಾಗಂತ 14 ದಾಟಿದ ದಿನವೆಲ್ಲ ಗಾಳಿ ಬೀಸಲಿಲ್ಲ. ಮೋಡವೇ ಕಟ್ಟದ ದಿನಗಳೇ ಜಾಸ್ತಿ. ಮೋಡ ಕಟ್ಟುತ್ತದೋ ಇಲ್ಲವೋ ಅನ್ನುವುದಕ್ಕೆ ಮೇಲಿನ ಗಾಳಿಯ ತಾಪ, ತೇವ ಅಳೆಯಲು ಬೆಳಗಿನ 5:30ಕ್ಕೆ ಹಾರಿಸುವ ಹವಾಮಾನ ಬಲೂನಿನ ಮಾಹಿತಿ ನೋಡುತ್ತೇನೆ. ಮಂಗಳೂರಿನದು ಕಡಲ ತೇವದ್ದು, ಬೆಂಗಳೂರಿನದು ಬಯಲಿನ ಒಣಗಾಳಿಯದ್ದು. ಬೇಸಿಗೆಯ ಮಧ್ಯಾಹ್ನ ಘಟ್ಟ ಹತ್ತಿ ಬರುವ ಪಡುವಣ ಗಾಳಿ ಮೂಡಣ ಗಾಳಿಯನ್ನು ಎದುರಾಗುವುದೇ ನಮ್ಮ ಗುಡ್ಡಗಳ ಮೇಲೆ. ಅದಕ್ಕೇ ಎರಡನ್ನೂ ಪಕ್ಕಪಕ್ಕ ಇಟ್ಟು ಓದದೆ ಗತಿಯಿಲ್ಲ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಾಳಿ ಒಮ್ಮೆಲೇ ಸೆಕೆಂಡಿಗೆ 8 ಮೀಟರಿನಷ್ಟು ಏರಿ, 11 ಮೀಟರ್ ಮುಟ್ಟಿ, ಕನಿಷ್ಠ ಒಂದು ನಿಮಿಷ ನಿಂತರೆ ಅದು ಸ್ಕ್ವಾಲ್. ಅಡಿಕೆ ಮರಕ್ಕೆ ಅಷ್ಟು ಹೊತ್ತು ಬೇಕಿಲ್ಲ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 60 ಕಿ.ಮೀ. ಇದ್ದದ್ದು 90 ಆದರೆ ನೂಕುವ ಬಲ ಎರಡೂಕಾಲು ಪಟ್ಟು. ಅರವತ್ತು ಅಡಿ ಎತ್ತರದ, ತಲೆಯಲ್ಲಿ ಮಾತ್ರ ಸೋಗೆ ಇರುವ ಮರಕ್ಕೆ ಇಪ್ಪತ್ತು ಸೆಕೆಂಡು ಸಾಕು. ಹಾಗಾಗಿ ಸ್ಕ್ವಾಲ್ ಅನ್ನಿಸಿಕೊಳ್ಳದ ಹೊಡೆತಗಳನ್ನೂ ಬಿಡದೆ ಬರೆದಿಡುತ್ತಿದ್ದೇನೆ.

ಈ ಸಲದ ಹೊಸ ಕೆಲಸ ಎರಡನೇ ಕಂಬ. ಏಳು ಕಿಲೋಮೀಟರ್ ಮೂಡಲಿಗೆ ಭಾವನ ಮನೆ. ನಮ್ಮಲ್ಲಿ ಮರ ಮುರಿಯುವ ಮೋಡಗಳು ಹೆಚ್ಚಾಗಿ ಬರುವುದು ಆ ಕಡೆಯಿಂದಲೇ. ಗಾಳಿಮಳೆ ಶುರುವಾದರೆ ಮೊದಲು ಹೋಗುವುದು ಕರೆಂಟು, ಹಿಂದೆಯೇ ಮೊಬೈಲ್ ಸಿಗ್ನಲ್. ಅದಕ್ಕೆ ಲೈಸೆನ್ಸ್ ಬೇಡದ 865–867 ಮೆಗಾಹರ್ಟ್ಸ್‌ನ ಲೋರಾ ರೇಡಿಯೊ ಹಾಕಿದೆ; ಕಡಿಮೆ ವಿದ್ಯುತ್ತಿನಲ್ಲಿ ಚಿಕ್ಕ ಸಂದೇಶಗಳನ್ನು ದೂರಕ್ಕೆ ಕಳಿಸುವಂಥದ್ದು ಅದು. ನಡುವೆ ಗುಡ್ಡ ಅಡ್ಡ ಇದ್ದುದರಿಂದ ಅದರ ನೆತ್ತಿಯಲ್ಲಿ ಒಂದು ಮರುಪ್ರಸಾರದ ಡಬ್ಬಿ ಕಟ್ಟಬೇಕಾಯಿತು. ಭಾವನ ಮನೆಯಲ್ಲಿ ಹತ್ತು ನಿಮಿಷದೊಳಗೆ ತಾಪ 5 ಡಿಗ್ರಿ ಇಳಿದು ಒತ್ತಡ 1 ಹೆಕ್ಟೊಪಾಸ್ಕಲ್ ಏರಿದರೆ ನಮ್ಮ ಜಗಲಿಯಲ್ಲಿ ಗಂಟೆ ಹೊಡೆಯುತ್ತದೆ. ತಣ್ಣನೆಯ ಭಾರದ ಗಾಳಿ ಅಲ್ಲಿಗೆ ಬಂತು ಅಂತ ಅರ್ಥ.

ಕೃತ್ತಿಕಾ ಮಳೆಯ ಎರಡನೇ ದಿನ 4:12ಕ್ಕೆ ಗಂಟೆ ಹೊಡೆಯಿತು. ಅಂತರ ಅವತ್ತು 15. ಅಮ್ಮ ತೋಟದಲ್ಲಿ ಹಾಳೆ ಹೆಕ್ಕುತ್ತಿದ್ದರು, ಓಡಿಹೋಗಿ ಕರೆದೆ. "ಎಂತದೋ, ಮೋಡವೇ ಇನ್ನೂ ಆಚೆ ಗುಡ್ಡದಲ್ಲಿದೆ" ಅಂದರು. ನಾನು ಬಿಡಲಿಲ್ಲ. ಹಾಳೆ ಹೊರೆ ಹೊತ್ತುಕೊಂಡೇ ಮೇಲೆ ಬಂದರು. 4:24ಕ್ಕೆ ಗಾಳಿ ಬಂತು, 58 ಕಿ.ಮೀ.; ಮಳೆ ಬಂದದ್ದು ಅದಾಗಿ ಮೂರು ನಿಮಿಷಕ್ಕೆ. ಎರಡು ಮರ ಮುರಿದವು, ಒಂದು ಅವರು ನಿಂತಿದ್ದ ಸಾಲಿನಲ್ಲೇ. ಬಿದ್ದ ದಿಕ್ಕು ದಿಕ್ಸೂಚಿಯಲ್ಲಿ 255 ಮತ್ತು 262 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಪಡುವಲಿಗೆ.

ರೋಹಿಣಿಯೊಳಗೆ ಭಾವನ ಮನೆಗೂ ಒಂದು ಗಂಟೆ ಕಟ್ಟಬೇಕು. ಅದಕ್ಕೆ ಅವರಿಗಿಂತ ಮೂಡಲಲ್ಲಿ ಮೂರನೇ ಕಂಬ ನಿಲ್ಲಿಸಲು ಜಾಗ ನೋಡುತ್ತಿದ್ದೇನೆ.